ಎರಡು ಕಿಲ್ವರ್

ನನಗೆ ಬ್ರಿಜ್ ಕಲಿಸುವ ಹುಚ್ಚು ಕಾಂತಪ್ಪಣ್ಣನದು. ನನ್ನದಲ್ಲ, ನನ್ನ ಗಂಡನದಂತೂ ಅಲ್ಲವೇ ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ಚಾಳಿನ ನಲ್ಲಿಯ ಹತ್ತಿರ ಎದ್ದ ಸುದ್ದಿಯೇ ಬೇರೆ: ಗುರಲಿಂಗಪ್ಪನ ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡಸರ ಜೋಡಿ ಇಸ್ಪೀಟ್ ಆಡಲು ಕೂತಳಂತೆ! ಆಡುವವರ ಬಾಯಿಗೆ ಬೀಗ ಹಾಕಲಾದೀತೆ.

ಎಪ್ಪತ್ತಮೂರನೇ ಇಸವಿ. ಮುಂಬಯಿ ಘಾಟ್ಕೋಪರಿನ ಆ ಚಾಳಿನ ಎರಡನೇ ಮಾಳಿಗೆಯಲ್ಲಿ ನಮ್ಮದು ಹನ್ನೊಂದನೇ ನಂಬರಿನ ಖೋಲಿ. ಮುಂದೆ ಒಂದು ಕೋಣೆ, ಹಿಂದೆ ಒಂದು ಅಡುಗೆಮನೆ, ನಡುವೆ ಬಾಗಿಲಿಲ್ಲ, ಪರದೆ. ಅದರಲ್ಲಿ ಐದು ಜನ: ರೇಲ್ವೆ ಪಾರ್ಸೆಲ್ ಆಫೀಸಿನಿಂದ ರಿಟೈರ್ ಆಗಿದ್ದ ನನ್ನ ಮಾವ ಗುರಲಿಂಗಪ್ಪ, ಮೈದುನ ಸಂಗಪ್ಪ, ನಾನು ನೀಲಾ, ನನ್ನ ಐದು ವರ್ಷದ ಮಗಳು ಸೇವಂತಿ, ಮತ್ತು ನನ್ನ ಗಂಡ. ಗಂಡನ ಹೆಸರು ಚಂದ್ರಾಮ. ಬಾಯಿಂದ ಹೇಳಲು ನನಗೆ ಇಂದಿಗೂ ಬರುವುದಿಲ್ಲ, ಬರೆದರೆ ಅಡ್ಡಿಯಿಲ್ಲ ಅಂದುಕೊಂಡಿದ್ದೇನೆ. ಜೋಗೇಶ್ವರಿಯ ಒಂದು ಸಣ್ಣ ಕಾರಖಾನೆಯಲ್ಲಿ ಅವರು ನಕಾಶೆ ಬಿಡಿಸುವ ಡ್ರಾಫ್ಟ್ಸ್‌ಮನ್. ಮುಂಜಾನೆ ದಾದರಿನಲ್ಲಿ ಗಾಡಿ ಬದಲಿಸಿ ಹೋಗುವರು, ಸಂಜೆ ದಾದರಿನಲ್ಲಿ ಗಾಡಿ ಬದಲಿಸಿ ಬರುವರು. ನಡುವೆ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದು ಅವರಿಗೂ ಆ ಶಿವನಿಗೂ ಗೊತ್ತು. ಏಳು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ.

ಕಾಂತಪ್ಪಣ್ಣ ಹದಿನಾಲ್ಕನೇ ಖೋಲಿಯವರು. ಮಂಗಳೂರು ಕಡೆಯವರು, ಇಪ್ಪತ್ತು ವರ್ಷ ಹಡಗಿನಲ್ಲಿ ಸಾಹೇಬರಿಗೆ ಊಟ ಬಡಿಸಿ ಬಂದವರು. ಹಡಗಿನಿಂದ ತಂದದ್ದು ಎರಡೇ: ಒಂದು ಮಡಚುವ ಮೇಜು, ಇನ್ನೊಂದು ಈ ಬ್ರಿಜ್. ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಮೇಜು ಬಿಚ್ಚಿದರೆ ಆರಕ್ಕೆ ಮಡಚುವುದು. ಒಂದು ಕಡೆ ಅವರು ಮತ್ತು ಅವರ ಹೆಂಡತಿ ಜಲಜಕ್ಕ, ಇನ್ನೊಂದು ಕಡೆ ನನ್ನ ಗಂಡ ಮತ್ತು ಅಣ್ಣು ಅನ್ನುವ ಅವರ ಊರಿನ ಗೆಳೆಯ. ಎದುರುಬದುರು ಕೂತವರು ಜೋಡಿ. ಆ ಅಣ್ಣುವಿಗೆ ಕಾಂಡ್ಲಾ ಬಂದರಿಗೆ ವರ್ಗವಾಯಿತು. ನಾಲ್ಕನೆಯವರಿಲ್ಲದೆ ಆಟವಿಲ್ಲ. ಎರಡು ಆದಿತ್ಯವಾರ ಮೇಜು ಬಿಚ್ಚಲಿಲ್ಲ. ಮೂರನೆಯ ಆದಿತ್ಯವಾರ ಕಾಂತಪ್ಪಣ್ಣ ಸೀದಾ ನಮ್ಮ ಹೊಸ್ತಿಲಿಗೆ ಬಂದು, "ಗುರಲಿಂಗಪ್ಪನವರೇ, ನಿಮ್ಮ ಸೊಸೆಯನ್ನು ಮೂರು ಗಂಟೆ ಸಾಲ ಕೊಡಿ ಮಾರಾಯ್ರೆ" ಅಂದುಬಿಟ್ಟರು.

ಮಾವನವರ ಮುಖ ನೋಡಬೇಕಿತ್ತು. ಇಸ್ಪೀಟಿನ ಎಲೆ ಮುಟ್ಟಿದವರ ಮನೆ ಉಳಿಯುವುದಿಲ್ಲ ಅನ್ನುವವರು ಅವರು. ಮಗ ಆಡುವುದನ್ನೇ ಕಂಡೂ ಕಾಣದಂತೆ ಇದ್ದವರು. ಆದರೆ ಎರಡು ತಿಂಗಳ ಹಿಂದಷ್ಟೇ ಕಾಂತಪ್ಪಣ್ಣ ಯಾರದೋ ಕೈಕಾಲು ಹಿಡಿದು ಸಂಗಪ್ಪನಿಗೆ ಬಂದರಿನ ಡಾಕ್‌ನಲ್ಲಿ ಪರ್ಮನೆಂಟ್ ಕೆಲಸ ಕೊಡಿಸಿದ್ದರು. ಬಾಯಿಗೆ ಬಿದ್ದ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. "ರೊಕ್ಕ ಇಟ್ಟು ಆಡಂಗಿಲ್ಲಲ್ಲ?" ಅಂತ ಕೇಳಿದರು. "ಶಿವಶಿವಾ, ಇಲ್ಲ" ಅಂದರು ಕಾಂತಪ್ಪಣ್ಣ. "ಹಂಗಾರ ನಾನೂ ಬಂದು ಕೂಡತೀನಿ" ಅಂದರು ಮಾವ. ಬಂದು ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತೇ ಬಿಟ್ಟರು, ಪ್ರತಿ ಆದಿತ್ಯವಾರ, ಪೊಲೀಸನಂತೆ.

ನಾನು ಊರಲ್ಲಿ ಅಣ್ಣತಮ್ಮಂದಿರ ಜೋಡಿ ಮೆಂಡಿಕೋಟ್ ಆಡಿದವಳು. ಹತ್ತರ ಎಲೆ ಹಿಡಿಯುವ ಆಟ, ಅದರಲ್ಲಿ ಏನಿದೆ ಮಹಾ. ಇದೂ ಹಾಗೇ ಇದ್ದೀತು ಅಂದುಕೊಂಡೆ. ಕಣ್ಣು ಬಿಟ್ಟುಕೊಂಡೇ ಬಾವಿಗೆ ಬಿದ್ದೆ.

ಎಲೆ ಹಂಚಿದ ಮೇಲೆ ಆಡುವುದೇ ಇಲ್ಲ. ಮೊದಲು ಕೂಗಬೇಕು. ನಮ್ಮ ಜೋಡಿ ಎಷ್ಟು ಸುತ್ತು ಗೆಲ್ಲುತ್ತದೆ, ಉಳಿದ ಬಣ್ಣವನ್ನೆಲ್ಲ ಹೊಡೆಯುವ ತುರುಫು ಯಾವ ಬಣ್ಣ ಅಂತ ಲಿಲಾವಿನಲ್ಲಿ ಕೂಗಿದಂತೆ ಒಬ್ಬರ ಮೇಲೊಬ್ಬರು ಏರಿಸುವುದು. ಒಲ್ಲದವರು ಪಾಸ್ ಅನ್ನುವುದು. ಒಂದು ಕೂಗಿನ ಮೇಲೆ ಮೂವರೂ ಪಾಸ್ ಅಂದರೆ ಆ ಕೊನೆಯ ಕೂಗೇ ಖಾಯಂ. ಅಷ್ಟರವರೆಗೆ ನನಗೂ ತಿಳಿಯಿತು. ಆಮೇಲೆ ಶುರುವಾಯಿತು ನೋಡಿ.

"ಈ ಕೂಗು ಉಂಟಲ್ಲ, ಇದು ಎದುರಾಳಿಗೆ ಅಲ್ಲ ನೀಲಮ್ಮ, ನಿಮ್ಮ ಜೋಡಿಗೆ" ಅಂದರು ಕಾಂತಪ್ಪಣ್ಣ. "ನನ್ನ ಕೈಯಲ್ಲಿ ಇಂಥದ್ದು ಉಂಟು, ನಿನ್ನ ಕೈಯಲ್ಲಿ ಎಂತ ಉಂಟು ಅಂತ ಕೇಳುವುದು."

"ಸೀದಾ ಕೇಳಿದರ ಆಗಂಗಿಲ್ಲೇನು?"

"ಸೀದಾ ಕೇಳಿದರೆ ಅದು ಮೋಸ!"

ನೋಡಿ ಚಂದ. ಬದಾಮ್ ಅಂದರೆ ಕೆಂಪು ಹೃದಯ, ಚೌಕಟ್ ಅಂದರೆ ಕೆಂಪು ಚೌಕ, ಕಿಲ್ವರ್ ಅಂದರೆ ಕರಿ ಮೂರೆಲೆ, ಅಷ್ಟು ನನಗೂ ಗೊತ್ತು. ಬದಾಮ್ ಜಾಸ್ತಿ ಇದ್ದರೆ ಬದಾಮ್ ಅನ್ನಬೇಕು, ಅದು ಸರಿ. ಆದರೆ ಕೆಲವು ಸಲ ಕಿಲ್ವರ್ ಅಂದರೆ ಕಿಲ್ವರ್ ಅಲ್ಲ, ಚೌಕಟ್ ಅಂದರೆ ಚೌಕಟ್ ಅಲ್ಲ. ಡಬಲ್ ಅಂದರೆ ಒಮ್ಮೆ "ನಿಮ್ಮನ್ನು ಸೋಲಿಸುತ್ತೇನೆ" ಅಂತ, ಇನ್ನೊಮ್ಮೆ "ಜೋಡಿದಾರನೇ, ಏನಾದರೂ ಹೇಳಪ್ಪಾ" ಅಂತ. ಯಾವಾಗ ಯಾವುದು ಅಂತ ಕೇಳಿದರೆ ಜಲಜಕ್ಕ, "ಅದು ಆಡ್ತಾ ಆಡ್ತಾ ಗೊತ್ತಾಗ್ತದೆ" ಅನ್ನುವಳು. ಆಡುತ್ತಾ ಆಡುತ್ತಾ ನನಗೆ ಇದ್ದ ಬುದ್ಧಿಯೂ ಹೋಯಿತು. ಎಕ್ಕಾಕ್ಕೆ ನಾಲ್ಕು, ರಾಜಾಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂತ ರೊಟ್ಟಿ ಬಡಿಯುವಾಗಲೂ ಎಣಿಸುತ್ತಿದ್ದೆ. ಕನಸಿನಲ್ಲಿ ಗುಲಾಮ ಬಂದು ನನಗೇಕೆ ಒಂದೇ ಅಂತ ಜಗಳ ತೆಗೆಯುತ್ತಿದ್ದ.

ಎಲ್ಲಕ್ಕಿಂತ ವಿಚಿತ್ರ ಅಂದರೆ ಡಮ್ಮಿ. ಕೂಗು ಗೆದ್ದವರ ಜೋಡಿದಾರ ತನ್ನ ಎಲೆಗಳನ್ನೆಲ್ಲ ಮೇಜಿನ ಮೇಲೆ ಹರವಿಟ್ಟು ಕೈ ಕಟ್ಟಿ ಕೂರಬೇಕು. ಬಾಯಿ ತೆರೆಯುವಂತಿಲ್ಲ. ಗೆದ್ದವರು ಇಂಥ ಎಲೆ ಹಾಕು ಅಂದರೆ ಅದನ್ನೇ ಹಾಕಬೇಕು. ಮೊದಲ ದಿನ ನಾನು ಡಮ್ಮಿಯಾದೆ. ಅದು ನನಗೆ ಕಲಿಸುವ ಅಗತ್ಯ ಇರಲಿಲ್ಲ, ಏಳು ವರ್ಷದ ಅಭ್ಯಾಸ ಇತ್ತು. ಎರಡನೆಯ ಆದಿತ್ಯವಾರ ಕೂಗು ನನ್ನದಾಯಿತು. ನನ್ನ ಗಂಡ ಡಮ್ಮಿ. ಹದಿಮೂರು ಎಲೆ ಹರವಿಟ್ಟು, ಕೈ ಕಟ್ಟಿ, ನನ್ನ ಮುಖ ನೋಡುತ್ತಾ ಕೂತರು.

ನನ್ನ ನಾಲಿಗೆ ಏಳಲಿಲ್ಲ.

ನಮ್ಮ ವಿಜಾಪುರದ ಕಡೆ ಹಿರಿಯರ ಮುಂದೆ ಹೆಂಡತಿ ಗಂಡನೊಂದಿಗೆ ನೇರ ಮಾತಾಡುವುದಿಲ್ಲ. ಮಾತು ಯಾರದಾದರೂ ಮೇಲೆ ಹಾಯ್ದು ಹೋಗಬೇಕು. "ಸೇವಂತಿ, ನಿಮ್ಮಪ್ಪಗ ಚಾ ಆರತೈತಿ ಅಂತ ಹೇಳ." ಸೇವಂತಿ ಹುಟ್ಟುವ ಮೊದಲು ಒಲೆಗೆ ಹೇಳುತ್ತಿದ್ದೆ, ಗೋಡೆಗೆ ಹೇಳುತ್ತಿದ್ದೆ. ಊರಿನ ಮನೆಯಲ್ಲಾದರೆ ಹಿತ್ತಲಿರುತ್ತದೆ, ಅಟ್ಟವಿರುತ್ತದೆ, ಹಿರಿಯರು ಹೊರಗೂ ಹೋಗುತ್ತಾರೆ. ಒಂದು ಖೋಲಿಯಲ್ಲಿ ಹಿರಿಯರು ಯಾವಾಗಲೂ ಮುಂದೆಯೇ. ಪರದೆಯ ಆಚೆ ಮಾವನವರು ಕೆಮ್ಮಿದರೆ ಈಚೆ ನಾವು ಉಸಿರು ಹಿಡಿಯುತ್ತಿದ್ದೆವು. ಹೀಗಾಗಿ ನಾನೂ ನನ್ನ ಗಂಡನೂ ಕೂತು ಮಾತಾಡಿದ್ದು ಅಂತ ಒಂದು ದಿನವೂ ನೆನಪಿಲ್ಲ. ಮಗು ಆಯಿತು, ಮಾತು ಆಗಲಿಲ್ಲ.

ಈಗ ಆ ಹಿರಿಯರು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದಾರೆ. ನಾನು ಗಂಡನಿಗೆ ಇಂಥದ್ದು ಹಾಕಿರಿ ಅಂತ ಅಪ್ಪಣೆ ಕೊಡಬೇಕು. ಪಕ್ಕದಲ್ಲಿದ್ದ ಜಲಜಕ್ಕನ ಕಡೆ ತಿರುಗಿ ಮೆಲ್ಲಗೆ, "ಅಕ್ಕಾ, ಆ ಕೆಂಪು ರಾಣಿ ಹಾಕಂತ ಅವರಿಗೆ ಹೇಳ್ರಿ" ಅಂದೆ.

"ನಾನು ನಿನ್ನ ಶತ್ರು ಮಾರಾಯ್ತಿ!" ಅಂತ ಜಲಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕಾಂತಪ್ಪಣ್ಣನಿಗೆ ತಲೆಬುಡ ತಿಳಿಯಲಿಲ್ಲ. "ಗಂಡ ಎದುರಿಗೇ ಕೂತಿದ್ದಾನಲ್ಲ, ಅವನಿಗೇ ಹೇಳಿ" ಅಂದರು. ನಾನು ತಲೆ ಬಗ್ಗಿಸಿದೆ. ಕೊನೆಗೆ ಸೇವಂತಿಯನ್ನು ಕರೆದು ಮೇಜಿನ ಪಕ್ಕ ನಿಲ್ಲಿಸಿಕೊಂಡೆ. "ಅಪ್ಪಾ, ಅವ್ವ ಹೇಳ್ತಾಳ, ಲಾಲ್ ವಾಲಿ ರಾಣಿ ಹಾಕಂತ" ಅಂತ ಅವಳು ಚಾಳಿಗೆಲ್ಲ ಕೇಳುವ ಹಾಗೆ ಕೂಗಿ ಚೌಕಟ್ ರಾಣಿಯ ಮೇಲೆ ಬೆರಳಿಟ್ಟಳು. ನನಗೆ ಬೇಕಿದ್ದದ್ದು ಬದಾಮ್ ರಾಣಿ. ನನ್ನ ಗಂಡನಿಗೂ ಅದು ಗೊತ್ತು, ಅವರ ಕಣ್ಣಲ್ಲಿ ಕಂಡಿತು. ಆದರೆ ಡಮ್ಮಿ ಬಾಯಿ ತೆರೆಯುವಂತಿಲ್ಲ. ಚೌಕಟ್ ರಾಣಿ ಹೋಯಿತು, ಹಿಂದೆ ಆಟವೂ ಹೋಯಿತು. ಮಾವನವರಿಗೆ ಮಾತ್ರ ಸಮಾಧಾನವಾಯಿತು. ಸೊಸೆ ಸೋತರೂ ಮರ್ಯಾದೆ ಬಿಡಲಿಲ್ಲ ಅನ್ನುವ ಸಮಾಧಾನ.

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ತಿಳಿಯದ ಸಿಟ್ಟು, ಅದು ಕೆಟ್ಟದ್ದು. ಆದರೆ ಆದಿತ್ಯವಾರ ತಪ್ಪಿಸಲಿಲ್ಲ. ಯಾಕೆಂದರೆ, ನಿಜ ಹೇಳುತ್ತೇನೆ, ಆ ಮೂರು ಗಂಟೆ ನನ್ನ ಗಂಡ ನನ್ನ ಎದುರಿಗೆ ಕೂರುತ್ತಿದ್ದರು. ನಾನು "ಒಂದು ಬದಾಮ್" ಅಂದರೆ ಯೋಚಿಸಿ "ಎರಡು ಬದಾಮ್" ಅನ್ನುತ್ತಿದ್ದರು. ಕೂಗು ಯಾರಿಗೂ ಹೆಸರು ಹಿಡಿದು ಹೇಳುವುದಲ್ಲ, ಮೇಜಿಗೆ ಹೇಳುವುದು. ಹಾಗಾಗಿ ಅದಕ್ಕೆ ಅಡ್ಡಿಯಿರಲಿಲ್ಲ. ಏಳು ವರ್ಷದಲ್ಲಿ ನಾನು ಹೇಳಿದ್ದನ್ನು ಕೇಳಿ, ತೂಗಿ, ತಿರುಗಿ ಉತ್ತರ ಕೊಟ್ಟಿದ್ದು ಅದೇ ಮೊದಲು. ಎರಡು ಬದಾಮ್ ಅಂದರೇನು ಅಂತ ಪೂರ್ತಿ ತಿಳಿಯುತ್ತಿರಲಿಲ್ಲ, ಆದರೆ ನನಗೆ ಹೇಳಿದ್ದು ಅಂತ ತಿಳಿಯುತ್ತಿತ್ತು.

ಒಂದು ದಿನ ಕಾಂತಪ್ಪಣ್ಣ ಎರಡು ಕಿಲ್ವರ್ ಹೇಳಿಕೊಟ್ಟರು.

"ಕೈಯಲ್ಲಿ ಎಕ್ಕಾ ರಾಜಾ ತುಂಬಿ ತುಳುಕುವಾಗ ಇದನ್ನು ಕೂಗುವುದು. ಕಿಲ್ವರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಈ ಕೂಗು ಬಿದ್ದರೆ ಎದುರು ಕೂತ ಜೋಡಿದಾರ ಪಾಸ್ ಹೇಳ್ಲಿಕ್ಕೇ ಇಲ್ಲ. ಗೊತ್ತಾಯ್ತಾ?"

"ಅವರ ಕೈಯಾಗ ಏನೂ ಇಲ್ಲದಿದ್ರ?"

"ಏನೂ ಇಲ್ಲದಿದ್ರೆ ಎರಡು ಚೌಕಟ್ ಅನ್ಬೇಕು. ನನ್ನ ಕೈ ಖಾಲಿ, ಆದ್ರೂ ನಾನು ನಿನ್ನ ಜೊತೆ ಉಂಟು ಅಂತ ಅರ್ಥ. ಖಾಲಿ ಕೈಯವನಿಗೂ ಅಲ್ಲಿ ಬಾಯಿ ಮುಚ್ಚುವ ಹಕ್ಕಿಲ್ಲ."

ಇದೊಂದು ಮಾತ್ರ ನನಗೆ ಒಂದೇ ಸಲಕ್ಕೆ ನಾಟಿತು. ಆದರೆ ಅಂಥ ಕೈ ಬರಬೇಕಲ್ಲ. ಆಷಾಢ ಹೋಯಿತು, ಶ್ರಾವಣ ಬಂತು, ನನ್ನ ಕೈಗೆ ಬರುತ್ತಿದ್ದದ್ದು ಬರೀ ದುರ್ರಿ, ತಿರ್ರಿ, ಎರಡು ಮೂರರ ಎಲೆ.

ನಾಗಪಂಚಮಿ ಕಳೆದ ಆದಿತ್ಯವಾರ ಮುಂಜಾನೆ ಮಾವನವರು ಚಾ ಬಸಿ ಕೆಳಗಿಟ್ಟು ಸುದ್ದಿ ಹೇಳಿದರು. ಸಂಗಪ್ಪನಿಗೆ ಸೊಲ್ಲಾಪುರದ ಹೆಣ್ಣು ಗೊತ್ತಾಗಿದೆ, ದೀಪಾವಳಿ ಆದ ಮೇಲೆ ಲಗ್ನ. ನಾನು ಖುಷಿಯಿಂದ ಸಕ್ಕರೆ ಡಬ್ಬಿ ತೆಗೆದೆ. ಅವರು ಮುಂದುವರಿದರು.

"ಖೋಲಿಯೊಳಗ ಎರಡು ಜೋಡಿ ಹಿಡಿಯಂಗಿಲ್ಲ. ಅಡಗಿಮನಿ ಹೊಸ ಜೋಡಿಗಿ ಬೇಕಾಕ್ಕೈತಿ. ನೀಲಾ ಸೇವಂತೀನ ಕರಕೊಂಡು ಊರಿಗಿ ಹೋಗಲಿ. ಅಲ್ಲಿ ನಮ್ಮ ತಂಗಿ ಲಕ್ಷ್ಮವ್ವ ಒಬ್ಬಾಕೀನ ಅದಾಳ, ಆಕಿಗೂ ಜೋಡಿ ಆತು. ಎರಡು ವರ್ಷ, ಮೂರು ವರ್ಷ. ಮುಂದ ಖೋಲಿ ಸಿಕ್ಕರ ನೋಡೂಣು." ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಏನಂತೀ?" ಅಂದರು.

ನನ್ನ ಗಂಡ ಪೇಪರ್ ಮಡಚಿದರು. ಎದ್ದು ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು. ಮೇಲಿನಿಂದ ಕೆಳಗಿನವರೆಗೆ ಎಲ್ಲ ಗುಂಡಿ ಹಾಕಿ ಮುಗಿಸಿದರು. ಖೋಲಿಯ ಮುಂದಿನ ಗ್ಯಾಲರಿಗೆ ಹೋಗಿ ನಿಂತರು.

ಹೂಂ ಅಂತಲೋ, ಉಹೂಂ ಅಂತಲೋ? ನನಗೆ ತಿಳಿಯಲಿಲ್ಲ. ಊರಿಗೆ ಹೋಗುವುದು ನನಗೆ ದೊಡ್ಡದಲ್ಲ, ಲಕ್ಷ್ಮವ್ವ ಕೆಟ್ಟವಳೂ ಅಲ್ಲ. ಆದರೆ ಈ ಮನುಷ್ಯನಿಗೆ ನಾನು ಬೇಕೋ ಬೇಡವೋ, ಅದು ತಿಳಿಯದೆ ಹೇಗೆ ಹೋಗಲಿ? ಮೂರು ವರ್ಷ ಆದ ಮೇಲೆ ಮರಳಿ ಬಂದರೆ ಅವರು ನನಗೆ ಯಾರು, ನಾನು ಅವರಿಗೆ ಯಾರು? ಕೇಳೋಣವೆಂದರೆ ಯಾರ ಮೇಲೆ ಹಾಯಿಸಿ ಕೇಳಲಿ? ಐದು ವರ್ಷದ ಕೂಸಿನ ಬಾಯಲ್ಲಿ, "ಅಪ್ಪಾ, ಅವ್ವ ನಿನಗ ಬೇಕೇನಂತ" ಅಂತ ಕೇಳಿಸಲೇ? ರೊಟ್ಟಿ ಸೀದವು. ಎಲ್ಲರೂ ಸೀದ ರೊಟ್ಟಿಯನ್ನೇ ತಿಂದರು.

ಅದೇ ಮಧ್ಯಾಹ್ನ ನನಗೆ ಆ ಕೈ ಬಂತು. ಎಲೆ ಎತ್ತಿದರೆ ಮೂರು ಎಕ್ಕಾ, ಮೂರು ರಾಜಾ, ಬದಾಮ್ ರಾಣಿ. ಎರಡೆರಡು ಸಲ ಎಣಿಸಿದೆ, ಇಪ್ಪತ್ತಮೂರು. ಕಿಲ್ವರ್ ಒಂದೇ ಒಂದು, ಅದೂ ಸಣ್ಣದು. ಬಾಗಿಲಲ್ಲಿ ಮಾವನವರು ಕೂತಿದ್ದರು. ನಾನು ಮೇಜಿಗೆ ಹೇಳಿದೆ: "ಎರಡು ಕಿಲ್ವರ್."

ಜಲಜಕ್ಕ ಪಾಸ್ ಅಂದಳು. ನನ್ನ ಗಂಡ ತಮ್ಮ ಎಲೆಗಳನ್ನು ನೋಡಿದರು, ಕಿಟಕಿ ನೋಡಿದರು. "ಪಾಸ್" ಅಂದರು.

ಕಾಂತಪ್ಪಣ್ಣನ ಕನ್ನಡಕ ಮೂಗಿನ ತುದಿಗೆ ಇಳಿಯಿತು. ಆದರೂ ಎದುರಾಳಿಯಾಗಿ ಅವರಿಗೆ ಲಾಭವೇ, ಅವರೂ ಪಾಸ್ ಅಂದರು. ಮೂರು ಪಾಸ್, ಕೂಗು ಖಾಯಂ. ಇದ್ದ ಒಂದು ಕಿಲ್ವರ್ ಇಟ್ಟುಕೊಂಡು ಕಿಲ್ವರ್ ತುರುಫಿನ ಆಟ ಆಡಬೇಕಾಯಿತು. ಅಷ್ಟು ಎಕ್ಕಾ, ಅಷ್ಟು ರಾಜಾ, ಒಂದೊಂದಾಗಿ ಅವರ ಸಣ್ಣ ಕಿಲ್ವರ್‌ಗಳು ನುಂಗಿದವು. ಆರು ವರ್ಷದಿಂದ ಆಡುವ ಮನುಷ್ಯ! ನಾಲ್ಕು ತಿಂಗಳಿನವಳಾದ ನನಗೇ ಗೊತ್ತಿದ್ದದ್ದು!

"ಎಂತ ಚಂದ್ರಾಮ?" ಆಟ ಮುಗಿದ ಮೇಲೆ ಕಾಂತಪ್ಪಣ್ಣ ಸಿಟ್ಟಾದರು. "ಎರಡು ಕಿಲ್ವರ್‌ಗೆ ಪಾಸ್ ಮಾಡುದಾ? ಕೈ ಖಾಲಿ ಇದ್ರೂ ಎರಡು ಚೌಕಟ್ ಹೇಳ್ಬೇಕು ಅಂತ ನಿಂಗೆ ಗೊತ್ತಿಲ್ವಾ?"

"ಲಕ್ಷ್ಯ ಇರಲಿಲ್ಲರಿ" ಅಂದರು ನನ್ನ ಗಂಡ. ನನ್ನ ಮುಖ ನೋಡಲಿಲ್ಲ.

ಲಕ್ಷ್ಯ ಎಲ್ಲಿತ್ತು? ಮುಂಜಾನೆಯ ಮಾತಿನ ಮೇಲೋ? ಇದ್ದರೆ ಅದು ನನ್ನ ಕಡೆಯ ಚಿಂತೆಯೋ, ಪೀಡೆ ಹೋದರೆ ಸಾಕು ಅನ್ನುವ ಚಿಂತೆಯೋ? ನನಗೆ ಅಳು ಬಂತು. ಎಲೆ ಕೂಡಿಸುವ ನೆಪದಲ್ಲಿ ತಲೆ ಬಗ್ಗಿಸಿಕೊಂಡು ಅತ್ತೆ. ಜಲಜಕ್ಕ ನೋಡಿ, ಚಾ ತರುತ್ತೇನೆಂದು ಒಳಗೆ ಹೋದಳು.

ಆರಕ್ಕೆ ಮನೆಗೆ ಬಂದೆವು. ಸಂಗಪ್ಪ ಬಾಗಿಲ ಹತ್ತಿರ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ಮಾವನವರು ಕಪಾಟಿನಿಂದ ಒಂದು ಪೋಸ್ಟ್ ಕಾರ್ಡ್ ತೆಗೆದು ನನ್ನ ಗಂಡನ ಮುಂದಿಟ್ಟರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಪತ್ರವನ್ನೆಲ್ಲ ಮಗನ ಕೈಯಲ್ಲೇ ಬರೆಸುತ್ತಿದ್ದರು.

"ಬರಿ. ತೀರ್ಥರೂಪ ಸಮಾನ..." ತಂಗಿಗೆ ಹಾಗೆ ಬರೆಯುವುದಿಲ್ಲವೆಂದು ನೆನಪಾಗಿ ತಡೆದರು. "ಚಿರಂಜೀವಿ ಲಕ್ಷ್ಮವ್ವಗ ಆಶೀರ್ವಾದ. ಇತ್ತ ಎಲ್ಲಾ ಕ್ಷೇಮ. ಸಂಗಪ್ಪನ ಲಗ್ನ ಆದಕೂಡಲೆ ನೀಲಾ ಮತ್ತು ಕೂಸು ಊರಿಗೆ..."

ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಡ್ರಾಫ್ಟ್ಸ್‌ಮನ್ ಅಕ್ಷರ, ಗೆರೆ ಎಳೆದಷ್ಟು ನೇರ. ಪರದೆಯ ಹತ್ತಿರ ನಿಂತಿದ್ದ ನನಗೆ ನನ್ನ ಹೆಸರು ಕಾಣಿಸಿತು. ಇನ್ನೊಂದು ಸಾಲು, ಆಮೇಲೆ ಅಂಚೆ ಡಬ್ಬಿ. ಆಮೇಲೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

"ಸೇವಂತಿ" ಅಂದೆ. ಅವಳು ಓಡಿ ಬಂದಳು. "ನಿಮ್ಮಪ್ಪಗ ಕೇಳವ್ವ..." ಅಂದವಳು ನಿಂತೆ. ಆ ಚೌಕಟ್ ರಾಣಿ ನೆನಪಾಯಿತು. ಈ ಎಲೆಯನ್ನು ನಾನೇ ಹೇಳಬೇಕು.

ಮಾವನವರು ಅಲ್ಲಿಯೇ ಇದ್ದರು, ಒಂದು ಮಾರು ದೂರ. ನಾನು ಪರದೆ ಸರಿಸಿ ಮುಂದೆ ಬಂದು ನನ್ನ ಗಂಡನಿಗೆ ಎದುರಾಗಿ ನೆಲದ ಮೇಲೆ ಕೂತೆ.

"ನಾ ಊರಿಗಿ ಹೋಗೂದು ನಿಮಗ ಬೇಕೋ ಬ್ಯಾಡೋ?" ಅಂದೆ. "ನಿಮ್ಮ ಕೈಯಾಗ ಏನೈತಿ, ನೀವ ಹೇಳ್ರಿ. ಇದಕ್ಕ ಪಾಸ್ ಅನ್ನಾಕ ಬರಂಗಿಲ್ಲ."

ಸಂಗಪ್ಪನ ಬ್ರಶ್ ನಿಂತಿತು. ಮಾವನವರ ಬಾಯಿ ತೆರೆದೇ ಉಳಿಯಿತು.

ನನ್ನ ಗಂಡ ಪೆನ್ನಿನ ಮುಚ್ಚಳ ಹಾಕಿದರು. ತೆಗೆದರು. ಕೊನೆಗೆ ತಲೆ ಎತ್ತಿ, ಅಪ್ಪನ ಕಡೆ ಅಲ್ಲ, ನನ್ನ ಕಡೆ ನೋಡಿದರು.

"ನನ್ನ ಕೈಯಾಗ ಏನೂ ಇಲ್ಲ ನೀಲಾ" ಅಂದರು. ನನ್ನ ಹೆಸರು ಅವರ ಬಾಯಲ್ಲಿ ಹಗಲು ಬೆಳಕಿನಲ್ಲಿ ಬಂದದ್ದು ಆವತ್ತೇ. "ಖೋಲಿ ಇಲ್ಲ. ಖೋಲಿ ಹಿಡಿಯೂ ತಾಕತ್ತಿಲ್ಲ. ಅದಕ್ಕ ಬಾಯಿ ಬರಲಿಲ್ಲ. ಖಾಲಿ ಕೈಯವ ಏನಂತ ಕೂಗಬೇಕು?" ಪೆನ್ನು ಕೆಳಗಿಟ್ಟರು. "ಆದರ ನೀ ಹೋಗೂದು ನನಗ ಬ್ಯಾಡ. ಗ್ಯಾಲರಿಯೊಳಗ ಗೋಣಿ ತಟ್ಟು ಕಟ್ಟಿ ಮಲಗೂಣು. ನೀ ಇಲ್ಲೇ ಇರು."

ಆಮೇಲೆ ನಾನು ಮಾವನವರ ಮುಖ ನೋಡಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಮಗನನ್ನು ನೋಡಿದರು, ಕಾರ್ಡ್ ನೋಡಿದರು, ಗೋಡೆಯ ಮೇಲಿನ ತಮ್ಮ ತೀರಿಹೋದ ಹೆಂಡತಿಯ ಫೋಟೋ ನೋಡಿದರು. ಆಕೆಯ ಜೊತೆ ಅವರು ಎಷ್ಟು ಮಾತಾಡಿದ್ದರೋ ನನಗೆ ಗೊತ್ತಿಲ್ಲ. ಏನೂ ಅನ್ನಲಿಲ್ಲ. ಸಂಗಪ್ಪ ಬೂಟಿನೊಳಗೆ ಮುಖ ಇಟ್ಟವನಂತೆ ಕೂತಿದ್ದ, ಅವನೂ ಏನೂ ಅನ್ನಲಿಲ್ಲ. ನನಗೆ ಹೇಳುವುದು ಬೇಕಾದಷ್ಟಿತ್ತು, ಏಳು ವರ್ಷದ್ದು. ನಾನೂ ಸುಮ್ಮನಾದೆ.

ಮೂರು ಪಾಸ್.

ನನ್ನ ಗಂಡ ಅರ್ಧ ಬರೆದ ಸಾಲಿನ ಮೇಲೆ ಒಂದು ನೇರ ಗೆರೆ ಎಳೆದು, ಕೆಳಗೆ ಬರೆದರು: "ನೀಲಾ ಬರುವುದಿಲ್ಲ. ಲಗ್ನಕ್ಕೆ ನೀವೇ ಬರ್ರಿ." ಗ್ಯಾಲರಿಯ ಅಗಲ ನಾಲ್ಕು ಫೂಟು, ಮಳೆ ಬಂದರೆ ಒಳಗೆ ಹೊಡೆಯುತ್ತದೆ. ಅದರಲ್ಲಿ ಮೂವರು ಹೇಗೆ ಮಲಗುವುದೋ ನನಗೆ ತಿಳಿದಿರಲಿಲ್ಲ. ಕೂಗುವುದು ಸುಲಭ, ಕೂಗಿದಷ್ಟು ಆಡಿ ಗೆಲ್ಲಬೇಕಲ್ಲ. ನಾನೆದ್ದು ಅಡುಗೆಮನೆಗೆ ಹೋದೆ, ಪರದೆಯನ್ನು ಸರಿಸಿದಂತೆಯೇ ಬಿಟ್ಟೆ.

"ಚಾ ಇಡಲೇನ್ರಿ?" ಅಂತ ಅಲ್ಲಿಂದಲೇ ಅವರನ್ನು ಕೇಳಿದೆ.

"ಇಡು" ಅಂದರು.